ಪುಟ್ಟಿಯ ಮಂಜಿನ ಔಷಧ

ಅಮ್ಮಾ,

ಪುಟ್ಟಿಯ ಶ್ವಾಸಕೋಶಕ್ಕೆ, ಹುಟ್ಟಿನಿಂದ ಬಂದ ದೋಷ ತಿದ್ದುವ ಜೀನ್ ಔಷಧವನ್ನು ಇಂದು ಕೊಟ್ಟರು. ಸೂಜಿಯಿಲ್ಲ, ಮಾಸ್ಕಿನೊಳಗೆ ಮಂಜಿನಂತೆ ಬರುತ್ತದೆ. ನಿನ್ನೆ ಬರೀ ಉಪ್ಪುನೀರಿನ ಮಂಜಿನಲ್ಲಿ ಅಭ್ಯಾಸ ಮಾಡಿಸಿದಾಗ ಅವಳು ಏದುಸಿರು ಬಿಡುತ್ತಿದ್ದಳು. “ಹೀಗಾದ್ರೆ ಔಷಧ ಗಂಟಲಲ್ಲೇ ನಿಂತ್ಬಿಡುತ್ತೆ, ತಾಯಿ. ಮಗು ನಿಮ್ಮನ್ನೇ ಕಾಪಿ ಹೊಡೀತಿದೆ, ಮೊದಲು ನೀವು ನಿಧಾನವಾಗಿ ಉಸಿರಾಡಿ,” ಎಂದರು ನರ್ಸ್.

ಇಂದು ಅವಳನ್ನು ಎದೆಗೊರಗಿಸಿಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ ಉಸಿರೆಳೆಯುತ್ತಾ ಕುಳಿತೆ. ವಾರದಿಂದ ರೆಪ್ಪೆಗೆ ರೆಪ್ಪೆ ಅಂಟಿಸದವಳು ಹಾಗೇ ನಿದ್ದೆ ಹೋಗಿಬಿಟ್ಟೆ! ಎಚ್ಚರವಾದಾಗ ಮಾಸ್ಕ್ ತೆಗೆದಾಗಿತ್ತು. “ನಿಮ್ಮ ಗೊರಕೆಗೆ ತಾಳ ಹಾಕಿದ ಹಾಗೆ ಉಸಿರಾಡಿದ್ಲು. ಔಷಧ ತಳದವರೆಗೂ ಇಳಿದಿರುತ್ತೆ,” ಎಂದು ನರ್ಸ್ ನಕ್ಕರು.

ಜ್ವರವಿಲ್ಲ, ಊಟ ಸೇರುತ್ತಿದೆ. ಗುಣ ಕಾಣಲು ತಿಂಗಳು ಬೇಕಂತೆ. ನಿನ್ನ ಅಳಿಯನಿಗೆ ಔಷಧದ ಸುದ್ದಿ ಹೇಳು, ಗೊರಕೆಯದು ಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ಮಗಳು