ನಿನ್ನ ಹೆಸರು ಕಡಿಮೆ ಮಾಡಿಸಿ ಬಂದೆ

ಅಪ್ಪಾ,

ಕ್ಷೇಮ ಕೇಳುವ ತಾಳ್ಮೆ ಇವತ್ತು ನನಗಿಲ್ಲ. ನೀನು ಹೋಗಿ ವರ್ಷವಾಯಿತು. ಅಳು ಮುಗಿದಿದೆ, ಈಗ ಉಳಿದಿರುವುದು ಬರೀ ಸಿಟ್ಟು. ಮೈಯೆಲ್ಲ ಉರಿಯುವಷ್ಟು ಸಿಟ್ಟು.

ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಗೋವಾದ ಈ ಫಾತೋರ್ಡಾದಲ್ಲಿ ಕೆಲಸ ಮಾಡುತ್ತಾ ಆ ಮೂರು ಮಹಡಿಯ ಕಟ್ಟಡದಿಂದ ನೀನು ಬಿದ್ದದ್ದು ನೆನಪಿದೆಯಾ? ಬಲ ಭುಜದ ಮೂಳೆ ಕೂಡಿತು, ಕೈ ಮಾತ್ರ ಮೇಲೇಳಲಿಲ್ಲ. ದವಾಖಾನೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ರಾಟೆಗೆ ಹಗ್ಗ ಹಾಕಿ, ಎಡಗೈಯಿಂದ ಎಳೆದು ಬಲಗೈ ಎತ್ತುವುದನ್ನು ಕಲಿಸಿ ಕಳಿಸಿದರು. ನಮ್ಮ ಬಾಗಿಲ ಮೇಲೆ ರಾಟೆ ಕಟ್ಟಿದವಳು ನಾನೇ. "ಎಷ್ಟ್ ಸಲ ಎಳದಿ ಅಪ್ಪಾ?" ಎಂದರೆ, "ಊರಿಗೆ ಹೋದ ಮ್ಯಾಲ ಮಾಡ್ತೀನಿ ಬಿಡವಾ, ಇಲ್ಲೇನ್ ನಾವು ಕಾಯಂ ಇರ್ತೇವೇನು?" ಎನ್ನುತ್ತಿದ್ದೆ. ತಾನು ಯಾವ ಊರಲ್ಲಿದ್ದೇನೆ ಅಂತ ಭುಜಕ್ಕೆ ಗೊತ್ತಿರುತ್ತದೆಯೇ? ಆ ಹಗ್ಗಕ್ಕೆ ನೀನು ಟವೆಲ್ ಒಣಹಾಕಿದೆ. ನೀನು ಸಾಯುವವರೆಗೂ ಅವ್ವ ನಿನಗೆ ಅಂಗಿ ತೊಡಿಸಿದಳು. ನಾನು ಹೋಗಿ ಫಿಜಿಯೋಥೆರಪಿ ಕಲಿತದ್ದು ಯಾರ ಮೇಲಿನ ಹಟಕ್ಕೆ ಅಂದುಕೊಂಡಿದ್ದೆ?

ಅದೊಂದೇ ಆಗಿದ್ದರೆ... ನಿನಗೆ ಎಲ್ಲವೂ ಊರಿಗೆ ಹೋದ ಮೇಲೆ. ಕಂಡವರ ಮನೆಗಳ ಗೋಡೆಗೆಲ್ಲ ಸಿಮೆಂಟ್ ಗಿಲಾವ್ ಮಾಡಿದವನು, ನಮ್ಮ ಖೋಲಿಯ ಕಿಟಕಿಗೆ ಒಂದು ಕದ ಹಾಕಿಸಲಿಲ್ಲ. ಯುಗಾದಿಗೆ ಮಾತ್ರ ತಪ್ಪದೆ ಊರಿಗೆ ಓಡುತ್ತಿದ್ದೆ. ಹಬ್ಬಕ್ಕಲ್ಲ, ರೇಷನ್ ಕಾರ್ಡಿನಲ್ಲಿ ನಮ್ಮ ಹೆಸರು ಇನ್ನೂ ಇದೆಯೋ ಇಲ್ಲವೋ ನೋಡಿ ಬರಲಿಕ್ಕೆ! ಗೋವಾದ ಕಾರ್ಡ್ ಮಾಡಿಸು ಎಂದು ಅವ್ವ ಬೇಡಿಕೊಂಡಳು. "ಇಲ್ಲಿ ಮಾಡಿಸಿದ್ರ ಅಲ್ಲಿ ಹೆಸರು ಕಡಿಮಿ ಮಾಡ್ತಾರ. ಊರಾಗ ಹೆಸರ ಇಲ್ಲಂದ್ರ ನಾವು ಯಾರು?" ಎಂದು ಅವಳ ಬಾಯಿ ಮುಚ್ಚಿಸಿದೆ.

ಈ ವರ್ಷ ಮಾಸ್ಟರ್ಸ್‌ಗೆ ಅರ್ಜಿ ಹಾಕಲು ಕುಳಿತಾಗ ಗೊತ್ತಾಯಿತು ನಾವು ಯಾರು ಅಂತ. ವಾಸದ ದಾಖಲೆ ಬೇಕಿತ್ತು. ನಿನ್ನ ಹೆಸರು, ನನ್ನ ಹೆಸರು, ವಿಳಾಸ ಮೂರೂ ಇದ್ದ ಕಾಗದ ಆ ಊರಿನ ಕಾರ್ಡ್ ಒಂದೇ. ದಡ್ಡಿಯ ಹಾಗೆ ಅದನ್ನೇ ದಾಖಲೆಯ ಅರ್ಜಿಗೆ ಲಗತ್ತಿಸಿ ಮಡಗಾಂವ್‌ನ ಸರ್ಕಾರಿ ಕಚೇರಿಯಲ್ಲಿ ಕೊಟ್ಟೆ. "ನೀವು ಕರ್ನಾಟಕದಲ್ಲಿದ್ದೀರಿ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ, ಮೇಡಂ?" ಎಂದು ಗುಮಾಸ್ತ ಹಿಂದಿಯಲ್ಲಿ ಕೇಳಿದ. ಇಲ್ಲೇ ಹುಟ್ಟಿದೆ, ಇಲ್ಲೇ ಶಾಲೆ ಕಲಿತೆ ಎಂದು ಕೂಗಾಡಿದೆ. ಮೊದಲು ಅಲ್ಲಿ ಹೆಸರು ತೆಗೆಸಿಕೊಂಡು ಬನ್ನಿ ಎಂದ. ಕಾಲೇಜಿನ ಅರ್ಜಿಗೆ ಉಳಿದದ್ದು ಒಂದು ವಾರ. ನಿನ್ನ ಮೇಲೆ ಎಷ್ಟು ಕೋಪ ಬಂತೆಂದರೆ, ಗೋಡೆಯ ಮೇಲಿನ ನಿನ್ನ ಫೋಟೋ ತಿರುಗಿಸಿಟ್ಟೆ.

ಮೂರು ಬಸ್ಸು ಬದಲಿಸಿ ಊರಿಗೆ ಹೋದೆ. ಅಲ್ಲಿಯ ಗುಮಾಸ್ತರು ಅವ್ವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು, ನನ್ನದರ ಮೇಲೆ ಎಳೆದರು. ನಿನ್ನ ಹೆಸರಿಗೆ ಬಂದಾಗ ಪೆನ್ನು ನಿಲ್ಲಿಸಿದರು.

"ನಿಮ್ಮಪ್ಪಂದು ಇರ್ಲೇನ್ರಿ? ಪಾಪ, ವರ್ಷಾ ವರ್ಷಾ ಬಂದು ನೋಡ್ಕೊಂಡು ಹೋಗ್ತಿದ್ರು. ಹೋದವರ ಹೆಸರು, ಯಾರು ಕೇಳ್ತಾರ."

"ಕಡಿಮಿ ಮಾಡ್ರಿ," ಎಂದೆ. "ಅವ್ರು ಇಲ್ಲಿ ಇರಲಿಲ್ರಿ. ಫಾತೋರ್ಡಾದಾಗ ಇದ್ರು."

ಗೆರೆ ಎಳೆದರು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಅಳು ಮುಗಿದಿದೆ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು.

ಮಡಗಾಂವ್‌ನಲ್ಲಿ ವಾಸದ ದಾಖಲೆ ಕೊನೆಯ ದಿನ ಕೈಗೆ ಸಿಕ್ಕಿತು. ಕಾಲೇಜಿನ ಅರ್ಜಿಯಲ್ಲಿ ತಂದೆಯ ಕಾಯಂ ವಿಳಾಸ ಎಂದು ಒಂದು ಸಾಲಿತ್ತು. ಫಾತೋರ್ಡಾ ಎಂದು ಬರೆದೆ. ನಿನಗೆ ಒಪ್ಪಿಗೆಯೋ ಇಲ್ಲವೋ, ಕೇಳಲಿಲ್ಲ.

ನಿನ್ನೆ ಎಸ್‌ಟಿಡಿ ಬೂತಿನಿಂದ ಕಾಲೇಜಿಗೆ ಫೋನ್ ಮಾಡಿದೆ. ಸೀಟು ಸಿಕ್ಕಿದೆ ಅಪ್ಪಾ. ಅವ್ವ ನಿನ್ನ ಫೋಟೋ ಸರಿಮಾಡಿಟ್ಟಿದ್ದಾಳೆ, ನಾನು ಮತ್ತೆ ತಿರುಗಿಸಿಲ್ಲ. ಬಾಗಿಲ ಮೇಲಿನ ಆ ರಾಟೆ ಬಿಚ್ಚಿ ಪೆಟ್ಟಿಗೆಯಲ್ಲಿ ಹಾಕಿಕೊಂಡಿದ್ದೇನೆ. ಊರಿಗೆ ಹೋದ ಮೇಲೆ ಮಾಡುತ್ತೇನೆ ಎನ್ನುವವರು ಇನ್ನು ಎಷ್ಟೋ ಜನ ನನ್ನ ಮುಂದೆ ಬಂದು ಕೂರುತ್ತಾರೆ. ಅವರ ಕೈಗೆ ಅಲ್ಲೇ, ಆಗಲೇ ಹಗ್ಗ ಕೊಡುತ್ತೇನೆ. ಒಬ್ಬರನ್ನೂ ಬಿಡುವುದಿಲ್ಲ.