ಆಟಕ್ಕೊಂದು, ಹಾಡಿಗೊಂದು ಹಾರ್ಡ್‌ಡಿಸ್ಕು

ಮುದ್ದೇಬಿಹಾಳ
೧೨ ಜೂನ್ ೨೦೦೫, ರವಿವಾರ

ದಾನೂ,

ಹದಿನಾಲ್ಕು ತಿಂಗಳಿಂದ ನನ್ನ ಫೋನು ಎತ್ತದ ತಂಗಿಗೆ ಅಕ್ಕನ ಆಶೀರ್ವಾದ, ಬೇಕಿದ್ದರೆ ತೆಗೆದುಕೋ. ಕಾಗದವನ್ನು ಹರಿಯಬೇಕೆನಿಸಿದರೆ ಓದಿ ಹರಿ.

ಹೊಸ ಕಂಪ್ಯೂಟರ್ ಕಟ್ಟಿದೆ, ಆಟಕ್ಕೆಂದೇ. ಹೌದು, ನಲವತ್ತಾರು ವರ್ಷದ ಈ ಕನ್ನಡ ಟೀಚರು ಇನ್ನೂ ಕಾರಿನ ರೇಸು ಆಡುತ್ತಾಳೆ. ಬಿಟ್ಟೆನೆಂದು ಸುಳ್ಳು ಹೇಳಿ ನಿನ್ನನ್ನು ಒಲಿಸಿಕೊಳ್ಳುವುದಿಲ್ಲ. ಹೇಳಿದ ಒಂದು ಸುಳ್ಳೇ ಸಾಕಾಗಿದೆ. ನೀನು ಪಿಎಚ್‌ಡಿಗೆಂದು ನನ್ನ ಹಳೆಯ ಕಂಪ್ಯೂಟರಿನಲ್ಲಿ ಟೈಪು ಮಾಡಿಟ್ಟಿದ್ದ ಮುನ್ನೂರು ಬೀಸುವ ಪದಗಳನ್ನು ನಾನು ಹೇಳಿದಂತೆ ಕರೆಂಟು ನುಂಗಲಿಲ್ಲ, ನೀನೂ ಅದನ್ನು ನಂಬಲಿಲ್ಲ. ನಾನು ಅಳಿಸಿದೆ. ಹೊಸ ಆಟಕ್ಕೆ ಜಾಗ ಸಾಲಲಿಲ್ಲ. ಎಲ್ಲ ಅಳಿಸಲೇ ಎಂದು ಯಂತ್ರ ಎರಡು ಸಲ ಕೇಳಿತು, ಎರಡೂ ಸಲ ಹೂಂ ಎಂದೆ. ಪದಗಳು ಡಿಸ್ಕಿನ ಬೇರೆ ಭಾಗದಲ್ಲಿವೆ ಎಂದುಕೊಂಡಿದ್ದೆ. ಅವನ್ನು ಹಾಡಿಸಿ ಹಿಡಿದಿದ್ದ ಟೇಪುಗಳ ಮೇಲೆ ನೀನು ಮತ್ತೆ ಹೊಸ ಪದ ತುಂಬಿಕೊಂಡಿದ್ದರಿಂದ ಬೇರೆ ಪ್ರತಿಯೂ ಇರಲಿಲ್ಲ. ಆಡಿದ್ದು ಕಾರು, ಅಳಿಸಿದ್ದು ಮುನ್ನೂರು. ಈ ಪ್ರಾಸಕ್ಕೆ ನೀನು ನಗಬೇಕಿಲ್ಲ.

ಹೋದ ವಾರ ವಿಜಾಪುರಕ್ಕೆ ಹೋಗಿ ಹಾರ್ಡ್‌ಡಿಸ್ಕು ಆರಿಸಿದೆ. ಅಂಗಡಿಯ ಬಾಬುಲಾಲ ದೊಡ್ಡದೊಂದನ್ನು ಮುಂದಿಟ್ಟು, “ಇದೊಂದ ಸಾಕ್ರಿ ಅಕ್ಕಾರ. ನಡಕ ಗ್ವಾಡಿ ಹಾಕಿ ಕೊಡ್ತೇನಿ. ಆ ಕಡಿ ಆಟ, ಈ ಕಡಿ ಹಾಡು” ಎಂದ.

“ಆ ಗ್ವಾಡಿ ನಂಬೇ ಕೆಟ್ಟೇನಿ. ನನಗ ಬ್ಯಾರೆ ಬ್ಯಾರೆ ಮನಿನ ಬೇಕು” ಎಂದೆ.

“ಹಂಗಾರ ಆಟಕ್ಕ ಹೊಸಾದು, ಹಾಡಿಗೆ ನಿಮ್ಮ ಹಳೇದು ಇರಲಿ. ಹಾಡು ಎಷ್ಟ ಜಾಗಾ ತಿಂತಾವ್ರಿ?”

“ತಿನ್ನೂದಲ್ಲಪಾ, ಉಳಿಯೂದು ಮುಖ್ಯ.”

ಹೊಸದು ಹಾಡಿಗೆ, ಗರಗರ ಎನ್ನುವ ಹಳೆಯದು ಆಟಕ್ಕೆ. ಹೀಗಾಗಿ ಈಗ ರೇಸು ಶುರುವಾಗುವಷ್ಟರಲ್ಲಿ ನಾನು ನಾಲ್ಕು ರೊಟ್ಟಿ ಬಡಿದು ಬರುತ್ತೇನೆ.

ಕೂಡಿಸಿದ್ದೂ ನಾನೇ. ಒಂದೇ ಪಟ್ಟಿಯಂಥ ವಾಯರಿಗೆ ಎರಡೂ ಡಿಸ್ಕು ಸಿಕ್ಕಿಸಿ, ಸ್ಕ್ರೂ ಬಿಗಿದು ಚಾಲೂ ಮಾಡಿದರೆ ಯಂತ್ರ ಒಂದನ್ನೂ ಗುರುತಿಸಲೊಲ್ಲದು. ಮೂರು ದಿನ ಬಿಚ್ಚಿದೆ, ಜೋಡಿಸಿದೆ. ಡಿಸ್ಕಿನ ಬೆನ್ನಿಗೆ ಜಂಪರ್ ಎಂಬ ಜೋಳದ ಕಾಳಿನಷ್ಟು ತುಂಡು ಇರುತ್ತದೆ. ಅದನ್ನು ಕೂಡಿಸಿದ ಜಾಗದ ಮೇಲೆ ಯಾವುದು ಹಿರಿಯದು, ಯಾವುದು ಕಿರಿಯದು ಎಂಬ ತೀರ್ಮಾನ. ನನ್ನವೆರಡೂ ಹಿರಿತನಕ್ಕೇ ಕುಳಿತಿದ್ದವು. ಹಳೆಯದನ್ನು ಕಿರಿಯದು ಮಾಡಿದೆ, ಎರಡೂ ಕಂಡವು. ಹಿರಿತನ ಬಿಡುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಹೋದ ವರ್ಷವೇ ನಿನಗೆ ಬರೆಯುತ್ತಿದ್ದೆ.

ಆ ಹೊಸ ಡಿಸ್ಕು ಖಾಲಿ ಇಲ್ಲ. ಜನವರಿಯಿಂದ ಪ್ರತಿ ರವಿವಾರ, ನೀನು ಪದ ಕೂಡಿಸಿದ ಊರುಗಳಿಗೆ ಬಸ್ಸು ಹತ್ತುತ್ತಿದ್ದೇನೆ. ಬರೆದು ತಂದು ಹಳೆಯ ಡಿಸ್ಕಿನಲ್ಲಿ ಟೈಪು ಮಾಡಿಟ್ಟಿದ್ದನ್ನೆಲ್ಲ ಅದಕ್ಕೆ ಸಾಗಿಸಿದೆ. ನಾಲತವಾಡದ ಮುದುಕಿ ಖಾತುನಬಿ ಬಾಗಿಲಲ್ಲೇ ತಡೆದು, “ನಿನ್ನ ತಂಗಿ ಮುಂದ ಹಾಡೇನಲ್ಲ, ಮತ್ಯಾಕ?” ಎಂದಳು. “ಅವನ್ನ ನಾನ ಕಳದೇನ್ರಿ” ಎಂದೆ. “ಕಳದಾಕಿನ ಬಂದಿ ಅಂದ್ರ ಕುಂದ್ರು. ಬರೇ ಕೈಲೆ ಕುಂದ್ರಬ್ಯಾಡ, ಬೀಸು” ಎಂದು ಬೀಸುಕಲ್ಲಿನ ಗೂಟ ಹಿಡಿಸಿದಳು. ಕಲ್ಲು ತಿರುಗದೆ ಆಕೆಗೆ ಪದ ನೆನಪಾಗುವುದಿಲ್ಲ. ಅಂಗೈಗೆ ಬೊಕ್ಕೆ ಬಂದವು, ಹದಿನೇಳು ಪದ ಬಂದವು.

ಈವರೆಗೆ ನೂರಾ ಎಂಬತ್ತೆರಡು ಸಿಕ್ಕಿವೆ. ನಿನಗೆ ಹಾಡಿದ್ದ ಮುಳವಾಡದ ಇಬ್ಬರು ತೀರಿಕೊಂಡಿದ್ದಾರೆ. ಅವರ ಪದ ಹೋದದ್ದು ನನ್ನಿಂದ. ಬೇರೆ ಯಾರ ಬಾಯಲ್ಲಾದರೂ ಇದ್ದಾವು, ಹುಡುಕುವುದನ್ನು ಬಿಡುವುದಿಲ್ಲ.

ನನ್ನೊಡನೆ ಮಾತಾಡು ಎಂದು ಕೇಳುತ್ತಿಲ್ಲ. ಬಂದು ಓದು, ತಪ್ಪು ತಿದ್ದು. ಡಿಸ್ಕು ನಿನ್ನದು, ಬಿಚ್ಚಿಕೊಂಡು ಇಂಡಿಯ ನಿನ್ನ ಮನೆಗೆ ಒಯ್ಯುವುದಾದರೆ ಸ್ಕ್ರೂ ನಾನೇ ತೆಗೆದುಕೊಡುತ್ತೇನೆ.

ತಪ್ಪು ಮಾಡಿದ, ಇನ್ನು ತಪ್ಪಿಸಿಕೊಳ್ಳದ
ನಿನ್ನ ಅಕ್ಕ,
ವಿದ್ಯಾವತಿ

ತಾ.ಕ.: ಹನ್ನೊಂದು ಪದಗಳ ಕೊನೆಯ ಸಾಲು ಯಾರಿಗೂ ನೆನಪಿರಲಿಲ್ಲ. ನಾನೇ ಕಟ್ಟಿ ಸೇರಿಸಿದ್ದೆ. ನಿನಗೂ ಹೇಳಬಾರದೆಂದಿದ್ದೆ. ಸಹಿ ಹಾಕಿದ ಮೇಲೆ ಲಕೋಟೆ ಅಂಟಿಸಲು ಕೈ ಏಳಲಿಲ್ಲ. ಈಗಷ್ಟೇ ಹೋಗಿ ಆ ಸಾಲುಗಳನ್ನು ತೆಗೆದು ಬಂದೆ. ಪ್ರಾಸ ಬಲು ಚಂದ ಕೂತಿತ್ತು, ದಾನೂ. ಹನ್ನೊಂದು ಕಡೆ ಜಾಗ ಖಾಲಿ ಇದೆ. ಹಾಡುವವರು ಸಿಕ್ಕರೆ ಮಾತ್ರ ತುಂಬು.