ಕಾಲುಭಾಗ ಹಳದಿ

ಸಸಿಮನೆಯ ಹಿಂದಿನ ಕೋಣೆ
ಹನ್ನೊಂದನೇ ತಾರೀಕು, ಮಂಗಳವಾರ

ಪ್ರೀತಿಯ ಅಮ್ಮಾ,

ಮಂಡಿ ನೋವು ಹೇಗಿದೆ? ಆಪರೇಷನ್ ಆಗಿ ತಿಂಗಳಾಯಿತೆಂದು ಕೋಲು ಬಿಸಾಡಿ ಅಕ್ಕನ ಮನೆಯ ಮೆಟ್ಟಿಲು ಹತ್ತಬೇಡ. ಹೇಳಿದರೂ ನೀನು ಕೇಳುವವಳಲ್ಲ. ನನ್ನ ಹಠ ಮತ್ತೆಲ್ಲಿಂದ ಬಂತು! ನಾನು ಚೆನ್ನಾಗಿದ್ದೇನೆ. ಊಟ ಮಾತ್ರ ಸೇರುತ್ತಿಲ್ಲ. ಯಾಕೆಂದು ಬರೆಯುತ್ತೇನೆ, ಕೂತುಕೊಂಡು ಓದು.

ಅಪ್ಪ ಹೋದ ಮೇಲೆ ಅಣ್ಣ ಬೀಜದ ಡಬ್ಬಿಗಳನ್ನೆಲ್ಲ ತೆಗೆದು ಜೋಡಿಸಿದ್ದ. "ಮೂಲ ಕೆಂಪು ನಿನಗಿರಲಿ. ಸಸಿಮನೆ ನಡೆಸೋಳು ನೀನು, ನಂಗ್ಯಾಕೆ?" ಎಂದು ಟೊಮೇಟೊ ಬೀಜದ ಪೊಟ್ಟಣವನ್ನು ನನ್ನ ಕೈಗಿಟ್ಟ. ಅಪ್ಪ ಇಪ್ಪತ್ತೆರಡು ವರ್ಷ ಹೂಗಳಿಗೆ ಚೀಲ ಕಟ್ಟಿ, ಬೇರೆ ತಳಿ ಬೆರೆಯದಂತೆ ಕಾಪಾಡಿದ ಬೀಜ. ನನಗೆ ಅಂದು ಕಣ್ಣೀರೇ ಬಂದಿತ್ತು. ಅದನ್ನು ಬಿತ್ತಿದೆ, ಬೆಳೆಯುವವರಿಗೆಲ್ಲ "ಅಪ್ಪನ ಕೆಂಪು" ಎಂದು ಎದೆ ತಟ್ಟಿ ಸಸಿ ಕೊಟ್ಟೆ.

ಹೋದ ವಾರ ಕಾಲುವೆಯಾಚೆಯ ಅಜ್ಜಿ ಬಂದಳು. ಒಂದು ಬುಟ್ಟಿ ತುಂಬ ಹಳದಿ ಹಣ್ಣನ್ನು ನನ್ನ ಮುಂದೆ ಸುರಿದಳು. "ನಿಮ್ಮಪ್ಪ ಇದ್ದಿದ್ರೆ ಹಿಂಗೆ ಮಾಡ್ತಿದ್ನಾ?" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಮ್ಮ ಪಾತಿಗೂ ಓಡಿ ನೋಡಿದೆ. ನೂರ ಅರವತ್ತು ಗಿಡದಲ್ಲಿ ಮೂವತ್ತೊಂಬತ್ತು ಹಳದಿ. ಒಂದೆರಡಾಗಿದ್ದರೆ ಪರಾಗ ಬೆರೆಸಿದ ದುಂಬಿಯ ಕಿತಾಪತಿ ಎಂದು ಸುಮ್ಮನಾಗುತ್ತಿದ್ದೆ. ಹೆಚ್ಚುಕಡಿಮೆ ಸರಿಯಾಗಿ ಕಾಲುಭಾಗ, ಅಮ್ಮಾ!

ಕೊನೆಯ ವರ್ಷ ಅಪ್ಪ ಕೆಂಪನ್ನೂ ಹಳದಿಯನ್ನೂ ಕೂಡಿಸಿದ್ದು ನೆನಪಿದೆಯಲ್ಲ? ಆ ಬೀಜದಿಂದ ಹುಟ್ಟಿದ ಗಿಡಗಳೆಲ್ಲ ಕೆಂಪು ಹಣ್ಣನ್ನೇ ಬಿಟ್ಟವು. ಹಳದಿ ಸತ್ತೇ ಹೋಯಿತು ಎಂದು ನಾನು ಅಂದಾಗ ಅಪ್ಪ ನಕ್ಕು, "ಸತ್ತಿಲ್ಲ ಕಣೇ, ಒಳಗೆ ಅಡಗಿ ಕೂತಿದೆ. ಇವುಗಳ ಮಕ್ಕಳಲ್ಲಿ ನಾಲ್ಕಕ್ಕೊಂದು ಹಳದಿ ಬರುತ್ತೆ, ನೋಡ್ತಿರು" ಎಂದಿದ್ದರು. ಶುದ್ಧ ಕೆಂಪಿನ ಹೊಟ್ಟೆಯಲ್ಲಿ ಹಳದಿ ಹುಟ್ಟುವುದಿಲ್ಲ. ಅಂದರೆ ಅಣ್ಣ ನನಗೆ ಕೊಟ್ಟದ್ದು ಆ ಬೆರಕೆ ಗಿಡಗಳ ಹಣ್ಣಿನ ಬೀಜ.

ಭಾನುವಾರ ಅವನನ್ನು ಕರೆಸಿ ಪಾತಿಯಲ್ಲಿ ನಿಲ್ಲಿಸಿ ಕೇಳಿದೆ. ಮೊದಲು ಗೊಬ್ಬರದ ದೋಷ ಅಂದ. "ಗೊಬ್ಬರ ಹಾಕಿದ್ರೆ ಬಣ್ಣ ಬದಲಾಗುತ್ತಾ? ನೀನೂ ಅಪ್ಪನ ಮಗನೇ ತಾನೆ?" ಎಂದೆ. ಆಗ ಬಾಯಿ ಬಿಟ್ಟ. ನಿಜವಾದ ಮೂಲ ಕೆಂಪನ್ನು ಅವನು ಕೆಲಸ ಮಾಡುವ ಬೀಜದ ಕಂಪನಿಗೆ ಕೊಟ್ಟಿದ್ದಾನೆ. ಈಗ ಅದು ಅವರ ಹೆಸರಿನಲ್ಲಿ ಬರುತ್ತದಂತೆ. ಅವನಿಗೆ ಮೇಲಧಿಕಾರಿಯ ಕುರ್ಚಿ ಬಂದದ್ದು ಅದರಿಂದಲೇ. ಮೊನ್ನೆ ಆ ಕುರ್ಚಿ ಸಿಕ್ಕಿದ್ದಕ್ಕೆ ಸಿಹಿ ಹಂಚಿದವಳು ನಾನೇ, ನೋಡು ನನ್ನ ಪೆದ್ದುತನ. ಬೇರೆ ಯಾರಾದರೂ ಮೋಸ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ಬೆನ್ನಿಗಿದ್ದವನೇ ಚೂರಿ ಹಾಕಿದರೆ ಯಾರಿಗೆ ತಿರುಗಿ ಹೇಳಲಿ?

ಸಸಿ ಒಯ್ದವರ ಮನೆಮನೆಗೂ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದೆ. ಕೆಲವರು ಬೈದರು, ಅಜ್ಜಿ ನೀರು ಕೊಟ್ಟಳು. ಕೆಂಪು ಗಿಡಗಳಲ್ಲಿ ಮೂರಕ್ಕೊಂದು ಶುದ್ಧ ಇರಲೇಬೇಕು. ಒಂದೊಂದರ ಬೀಜವನ್ನೂ ಬೇರೆಬೇರೆ ಬಿತ್ತಿ, ಮಕ್ಕಳನ್ನು ನೋಡಿ ತಾಯಿಯನ್ನು ಗುರುತಿಸುತ್ತೇನೆ. ಎರಡು ವರ್ಷ ಹಿಡಿದರೆ ಹಿಡಿಯಲಿ.

ಅಕ್ಕ, ಭಾವನಿಗೆ ನೆನಪು ಹೇಳು. ಪುಟ್ಟಿಗೆ ಮುತ್ತು. ಗುಳಿಗೆ ತಪ್ಪಿಸಬೇಡ.

ನಿನ್ನ
ಕಿರಿಮಗಳು

ಮರೆತೆ ಎನ್ನಲಾರೆ, ಬರೆಯಲು ಕೈ ಬರಲಿಲ್ಲ: ಗೇಟು ದಾಟುವಾಗ ಅಣ್ಣ ತಿರುಗಿ, "ನನ್ನೊಬ್ಬನ್ನೇ ಯಾಕೆ ಬೈತೀಯ? ಪೊಟ್ಟಣ ಬದಲಾಯಿಸು ಅಂದಿದ್ದೇ ಅಮ್ಮ" ಎಂದ. ಸುಳ್ಳು ಎಂದು ಒಂದೇ ಒಂದು ಸಾಲು ಬರಿ ಅಮ್ಮಾ. ನಿಜವಾಗಿದ್ದರೆ ಬರೆಯಬೇಡ. ತಿಂಗಳ ಕೊನೆಯವರೆಗೂ ಅಂಚೆಯವನ ದಾರಿ ಕಾಯುತ್ತೇನೆ.